ಸುಟ್ಟ ಗಾಯ ಮೂರನೆಯ ದಿನಕ್ಕೆ ಆಳವಾಗುವುದೇಕೆ?

ಜೋಳದ ಹಿಟ್ಟು ನಾದಲು ಕಾಯಿಸಿದ್ದ ಎಸರು ತಾಯಿಯವರ ಮುಂಗೈ ಮೇಲೆ ಚೆಲ್ಲಿತೆಂದೂ, ಮೊದಲ ದಿನ ಕೆಂಪಗೆ ಗುಳ್ಳೆಯೆದ್ದಿದ್ದ ಜಾಗ ಮೂರನೆಯ ದಿನಕ್ಕೆ ನಡುವೆ ಬಿಳಿಚಿಕೊಂಡು ಆಳವಾಗಿದೆಯೆಂದೂ ಬರೆದು, ಇದು ಹಚ್ಚಿದ ಮುಲಾಮಿನ ತಪ್ಪೇ ಎಂದು ಕೇಳಿದ್ದೀರಿ. ಕಲಬುರಗಿಯ ಪ್ರಯೋಗಾಲಯವೊಂದರಲ್ಲಿ ಸುಟ್ಟ ಗಾಯ ಮಾಯುವ ಬಗೆಯನ್ನು ಅಭ್ಯಾಸ ಮಾಡುತ್ತಿರುವ ನಾನು ಹೇಳಬಲ್ಲದ್ದು ಇಷ್ಟು: ಮುಲಾಮನ್ನು ದೂರಬೇಕಾದ ಕಾರಣವಿಲ್ಲದೆಯೂ ಹೀಗಾಗುತ್ತದೆ, ಏಕೆಂದರೆ ಎಸರು ಆರಿದ ಮೇಲೂ ಗಾಯ ಎರಡು ಮೂರು ದಿನ ಒಳಗೊಳಗೇ ಬೆಳೆಯಬಲ್ಲದು.

1953ರಲ್ಲಿ ಡಗ್ಲಸ್ ಜಾಕ್ಸನ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರು ಸುಟ್ಟ ಗಾಯದಲ್ಲಿ ಮೂರು ವಲಯಗಳನ್ನು ಗುರುತಿಸಿದರು. ನಡುವಿನದು ಸತ್ತ ಚರ್ಮ; ಹೊರ ಅಂಚಿನದು ರಕ್ತ ತುಂಬಿ ಕೆಂಪಾಗಿ, ಸಾಮಾನ್ಯವಾಗಿ ತಾನಾಗಿಯೇ ಗುಣವಾಗುವ ಭಾಗ. ಇವೆರಡರ ಮಧ್ಯದ ಪಟ್ಟಿಯಲ್ಲಿ ಜೀವ ಇನ್ನೂ ಇರುತ್ತದೆ, ಆದರೆ ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಬಾವಿನಿಂದಲೂ ಹೆಪ್ಪುಗಟ್ಟಿದ ರಕ್ತಕಣಗಳಿಂದಲೂ ಕಟ್ಟಿಕೊಳ್ಳುತ್ತಾ ಹೋಗುತ್ತವೆ. ದೇಹದಲ್ಲಿ ನೀರು ಕಡಿಮೆಯಾದರೆ, ಗಾಯ ಒಣಗಿದರೆ ಅಥವಾ ಸೋಂಕು ತಗುಲಿದರೆ ಈ ಪಟ್ಟಿಯೂ ಸತ್ತು ನಡುವಿನ ಭಾಗಕ್ಕೆ ಸೇರಿಕೊಳ್ಳುತ್ತದೆ. ನನ್ನ ದುಡಿಮೆಯೆಲ್ಲ ಈ ಪಟ್ಟಿಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದರ ಸುತ್ತಲೇ ಇದೆ.

ಮಾಯುವಿಕೆಯನ್ನು ನಾವು ನೋಡುವ ಒಂದು ವಿಧಾನ ಬಹಳ ಸರಳವಾದದ್ದು. ಗಾಜಿನಂತೆ ತಿಳಿಯಾದ ತಟ್ಟೆಯಲ್ಲಿ ಚರ್ಮದ ಜೀವಕೋಶಗಳನ್ನು ಒತ್ತಾಗಿ ಬೆಳೆಸಿ, ಪಿಪೆಟ್ಟಿನ ತುದಿಯಿಂದ ನಟ್ಟನಡುವೆ ಒಂದು ಗೀರು ಎಳೆದು, ಕೆಲವು ಗಂಟೆಗಳಿಗೊಮ್ಮೆ ಸೂಕ್ಷ್ಮದರ್ಶಕದಡಿ ಚಿತ್ರ ತೆಗೆಯುತ್ತೇವೆ. ಎರಡೂ ದಡದ ಕೋಶಗಳು ಚಪ್ಪಟೆಯಾಗಿ ಮುಂದಕ್ಕೆ ಚಾಚಿಕೊಂಡು ಆ ಖಾಲಿ ಓಣಿಯನ್ನು ತುಂಬತೊಡಗುವುದನ್ನು ಎಷ್ಟು ಸಲ ಕಂಡರೂ ನನಗೆ ಸಾಕೆನಿಸಿಲ್ಲ. ಆದರೆ ತಟ್ಟೆಯಲ್ಲಿ ರಕ್ತನಾಳವೂ ಇಲ್ಲ, ಸೋಂಕೂ ಇಲ್ಲ. ಅಲ್ಲಿ ಗೆದ್ದ ಔಷಧ ಮನುಷ್ಯರ ಮೈಮೇಲೂ ಗೆಲ್ಲುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಆ ಪಟ್ಟಿಯನ್ನು ಉಳಿಸುವ ಅತ್ಯಂತ ಖಚಿತವಾದ ಮೊದಲ ಉಪಾಯವೆಂದರೆ, ಸುಟ್ಟ ಮೂರು ಗಂಟೆಯೊಳಗೆ 20 ನಿಮಿಷ ಹರಿಯುವ ತಣ್ಣೀರು ಬಿಡುವುದು. ಮೇ ತಿಂಗಳಲ್ಲಿ ನಮ್ಮೂರಿನ ಮಾಳಿಗೆಯ ಟ್ಯಾಂಕಿನಿಂದ ನಲ್ಲಿಗೆ ಬರುವ ನೀರು ಕೈ ಸುಡುವಷ್ಟು ಕಾದಿರುವುದರಿಂದ, ಆಗ ಮಣ್ಣಿನ ಗಡಿಗೆಯ ನೀರನ್ನೇ ಚೆಂಬಿನಿಂದ ನಿಧಾನವಾಗಿ ಸುರಿಯುತ್ತಿರಬೇಕು. ಮಂಜುಗಡ್ಡೆ ರಕ್ತನಾಳಗಳನ್ನು ಇನ್ನಷ್ಟು ಕುಗ್ಗಿಸುವುದರಿಂದ ಅದು ಸಲ್ಲದು. ಟೂತ್‌ಪೇಸ್ಟ್, ಅರಿಶಿನ ಮೆತ್ತಿದರೆ ಗಾಯದ ಆಳ ವೈದ್ಯರ ಕಣ್ಣಿಗೆ ಕಾಣದೆ ಹೋಗುತ್ತದೆ.

ತಾಯಿಯವರ ವಿಷಯದಲ್ಲಿ ಆ ಹೊತ್ತು ದಾಟಿದೆ. ಬಿಳಿಚಿದ ಜಾಗದಲ್ಲಿ ಈಗ ನೋವಿಲ್ಲವೆಂದು ಅವರು ಹೇಳುತ್ತಿದ್ದರೆ ಸಮಾಧಾನಪಡಬೇಡಿ, ನೋವು ತಿಳಿಸುವ ನರತುದಿಗಳೇ ಸತ್ತಿರಬಹುದು. ಕೂದಲ ಬುಡ ಮತ್ತು ಬೆವರು ಗ್ರಂಥಿಗಳಲ್ಲಿ ಕೋಶಗಳು ಉಳಿದಿದ್ದರೆ ಮಾತ್ರ ಹೊಸ ಚರ್ಮ ಕೆಳಗಿನಿಂದ ಮೇಲೇಳುತ್ತದೆ. ಇಲ್ಲವಾದರೆ ಅಂಚಿನಿಂದಷ್ಟೇ ತೆವಳಿ ಬರಬೇಕು. ಮೂರು ವಾರ ದಾಟಿಯೂ ಮಾಯದ ಗಾಯ ದಪ್ಪ ಕಲೆಯಾಗಿ, ಮಣಿಕಟ್ಟಿನ ಬಳಿಯಿದ್ದರೆ ಕೈಯನ್ನೇ ಬಿಗಿದು ಬಾಗಿಸುವ ಸಂಭವ ಹೆಚ್ಚು. ಆದ್ದರಿಂದ ಅಷ್ಟು ದಿನ ಕಾಯದೆ, ನಾಳೆಯೇ ಪ್ಲಾಸ್ಟಿಕ್ ಸರ್ಜನ್ ಒಬ್ಬರಿಗೆ ತೋರಿಸಿ, ಚರ್ಮದ ಕಸಿ ಬೇಕಾದೀತೇ ಎಂದು ನೇರವಾಗಿ ಕೇಳಿ. ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಮೊದಲೇ ತಿಳಿಸಿ.