3ನೇ ದರ್ಜೆಯ ಹೊಳೆ ಆರಾಮಾಗಿದೆ, ಕಡಿದಾದ ಕ್ರೀಕ್‌ಗೆ ಕಯಾಕ್ ಇಳಿಸಬಹುದಾ?

ದೊಡ್ಡ ಹೊಳೆಯಲ್ಲಿ ನೀರು ರಭಸದಿಂದ ನುಗ್ಗುವ 3ನೇ ದರ್ಜೆಯ ರ‍್ಯಾಪಿಡ್‌ಗಳನ್ನು ಎರಡು ವರ್ಷ ಇಳಿದಿದ್ದೀರಿ, ಮಗುಚಿದ ದೋಣಿಯನ್ನು ಕೂತಲ್ಲೇ ನೆಟ್ಟಗೆ ಮಾಡುವ ರೋಲ್ ಕೈಕೊಡುವುದಿಲ್ಲ, ಈಗ ಗೆಳೆಯರು 4ನೇ ದರ್ಜೆಯ ಕ್ರೀಕ್‌ಗೆ, ಅಂದರೆ ಬಂಡೆಗಳ ನಡುವಿನ ಕಿರಿದಾದ ತೊರೆಗೆ, ಕರೆಯುತ್ತಿದ್ದಾರೆ, ಹೋಗಲಾ ಬೇಡವಾ ಅಂತ ಕೇಳಿದ್ದೀರಿ. ನಾನು ರೋಲ್ ಬಗ್ಗೆ ಕೇಳುವುದಿಲ್ಲ. ಬೇಕೆಂದ ಜಾಗದಲ್ಲಿ ದೋಣಿ ನಿಲ್ಲಿಸಲು ಬರುತ್ತದಾ?

ದರ್ಜೆ 1ರಿಂದ 6ರವರೆಗಿನ ಲೆಕ್ಕ (6 ಅಂದರೆ ಅತಿ ಕಷ್ಟ) ಎರಡೂ ಕಡೆ ಒಂದೇ, ಆದರೆ ನೀರು ಬೇರೆ. ದೊಡ್ಡ ಹೊಳೆಯಲ್ಲಿ ಮಗುಚಿದರೆ ಸಾಮಾನ್ಯವಾಗಿ ಕೆಳಗೆ ಆಳ ಇರುತ್ತದೆ, ಒಂದು ರೋಲ್ ತಪ್ಪಿದರೂ ಇನ್ನೊಂದಕ್ಕೆ ಸಮಯ ಸಿಗುತ್ತದೆ. ಕ್ರೀಕ್‌ನಲ್ಲಿ ಮಗುಚಿದ ಕೂಡಲೇ ಹೆಲ್ಮೆಟ್ ಬಂಡೆಗೆ ಬಡಿಯುತ್ತದೆ, ನೀವು ಎದ್ದು ಕೂರುವುದರೊಳಗೆ ನೀರು ಕೆಳಕ್ಕೆ ಬೀಳುವ ಮುಂದಿನ ಮೆಟ್ಟಿಲು, ಅಂದರೆ ಡ್ರಾಪ್, ಬಂದಿರುತ್ತದೆ. ಅದಕ್ಕೇ ಎಡ್ಡಿಯಿಂದ ಎಡ್ಡಿಗೆ ಇಳಿಯಬೇಕು. ಬಂಡೆಯ ಹಿಂದೆ ನೀರು ತಿರುಗಿ ನಿಲ್ಲುವ ಆ ಜಾಗ ಕೆಲವೊಮ್ಮೆ ಒಂದೇ ಒಂದು ಕಯಾಕ್ ಹಿಡಿಸುವಷ್ಟಿರುತ್ತದೆ. ನಿಮಗೆ ಗೊತ್ತಿರುವ ಹೊಳೆಯಲ್ಲೇ ಅಂಥ ಸಣ್ಣ ಎಡ್ಡಿಗಳನ್ನು ಹುಡುಕಿ, ಎಡಕ್ಕೂ ಬಲಕ್ಕೂ ಹಿಡಿದು ನೋಡಿ. ಹತ್ತರಲ್ಲಿ ಎರಡು ಮೂರು ತಪ್ಪುತ್ತಿದ್ದರೆ ಇನ್ನೂ ಸ್ವಲ್ಪ ದಿನ ಅಲ್ಲೇ ಇರಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಮರ. ಹತ್ತಾರು ಸಲ ಇಳಿದಿದ್ದ ಕ್ರೀಕ್ ಒಂದರಲ್ಲಿ ತಿರುವಿಗೆ ಮುಂಚಿನ ಎಡ್ಡಿಯಲ್ಲಿ ನಿಂತಿದ್ದೆ. ಮುಂದೆ ಹೋಗಿದ್ದವನು ದಡದಿಂದ ಪ್ಯಾಡಲ್ ಅನ್ನು ತಲೆಯ ಮೇಲೆ ಅಡ್ಡ ಹಿಡಿದ, ಅಂದರೆ ನಿಲ್ಲು. ನನಗೆ ಕಾಣುತ್ತಿದ್ದದ್ದು ನೀರಿನಿಂದ ಮೇಲೆದ್ದು ಒಂದೇ ಸಮನೆ ನಡುಗುತ್ತಿದ್ದ ಸಣ್ಣ ಕೊಂಬೆ, ಅಷ್ಟೇ. ದಡ ಹತ್ತಿ ನಡೆದು ನೋಡಿದರೆ ಇಡೀ ಮರವೇ ಅಡ್ಡ ಬಿದ್ದಿತ್ತು, ನೀರು ಜರಡಿಯಲ್ಲಿ ಸೋಸಿದ ಹಾಗೆ ಕೊಂಬೆಗಳ ನಡುವಿಂದ ಹೋಗುತ್ತಿತ್ತು, ಆದರೆ ಮನುಷ್ಯ ಅಲ್ಲಿ ಸಿಕ್ಕಿಕೊಳ್ಳುತ್ತಾನೆ, ನೀರು ಬಿಡುವುದಿಲ್ಲ. ಆ ಎಡ್ಡಿ ತಪ್ಪಿದ್ದರೆ ನೇರ ಅದಕ್ಕೇ ಹೋಗುತ್ತಿದ್ದೆ. ಅವತ್ತಿನಿಂದ ಕಣ್ಣಿಗೆ ಪೂರ್ತಿ ಕಾಣದ ತಿರುವನ್ನು ದೋಣಿಯಿಂದ ಇಳಿದು ನೋಡದೆ ದಾಟಿಲ್ಲ. ಮಳೆ ಬಂದ ಮೇಲಂತೂ ಹಳೇ ಲೆಕ್ಕ ಯಾವುದೂ ನಡೆಯುವುದಿಲ್ಲ.

ಬೂಫ್, ಅಂದರೆ ದೋಣಿಯ ಮೂತಿ ಎತ್ತಿ ಡ್ರಾಪ್ ಹಾರುವುದು, ಚೆನ್ನಾಗಿ ಬರಬೇಕು. ಡ್ರಾಪ್‌ನ ಅಂಚಿನಲ್ಲಿ ಕೊನೆಯ ಸ್ಟ್ರೋಕ್ ಜೋರಾಗಿ ಎಳೆದು ಮೂತಿ ಎತ್ತಿದರೆ ಕೆಳಗೆ ನೀರು ಹಿಂದಕ್ಕೆ ಸುತ್ತುವ ಹೋಲ್ ದಾಟಿ ಬೀಳುತ್ತೀರಿ, ಇಲ್ಲದಿದ್ದರೆ ಅದು ಹಿಂದಕ್ಕೆ ಎಳೆಯುತ್ತದೆ. ಆದರೆ ಎತ್ತರದಿಂದ ನೊರೆಯಿಲ್ಲದ ನೀರಿಗೆ ಚಪ್ಪಟೆಯಾಗಿ ಬೀಳಬೇಡಿ, ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ಬಂಡೆಗೆ ಅಡ್ಡ ತಾಗಿದರೆ ಬಂಡೆಯ ಕಡೆಗೇ ವಾಲಿ, ತಬ್ಬಿಕೊಳ್ಳಿ. ಹೆದರಿ ಈಚೆ ವಾಲಿದರೆ ನೀರು ದೋಣಿಯನ್ನು ಮಗುಚಿ ಅಲ್ಲೇ ಒತ್ತಿಹಿಡಿಯುತ್ತದೆ. ದೋಣಿ ಬಿಟ್ಟು ಈಜುವ ಹಾಗಾದರೆ ಸೆಳವಿನಲ್ಲಿ ಎದ್ದು ನಿಲ್ಲಬೇಡಿ, ಬಂಡೆಗಳ ಸಂದಿಯಲ್ಲಿ ಕಾಲು ಸಿಕ್ಕಿಕೊಂಡರೆ ಮೊಣಕಾಲು ಮೀರಿದ ನೀರೂ ಸಾಕು ಪ್ರಾಣಕ್ಕೆ.

ಥ್ರೋ ಬ್ಯಾಗ್ (ನೀರಿಗೆ ಬಿದ್ದವರಿಗೆ ಎಸೆಯುವ ಹಗ್ಗದ ಚೀಲ) ಪ್ರತಿಯೊಬ್ಬರ ಹತ್ತಿರ ಇರಲಿ, ಎಸೆದು ಅಭ್ಯಾಸ ಇರಲಿ. ನೀರು ಕೆಂಪಾಗಿ ಕಡ್ಡಿ ಕಸ ತೇಲಿ ಬರುತ್ತಿದ್ದರೆ ಅವತ್ತು ವಾಪಸ್.

ಮತ್ತೆ ಆ ಗೆಳೆಯರನ್ನು ಈಗಲೇ ಕೇಳಿ: ಯಾವುದೋ ಒಂದು ಡ್ರಾಪ್ ಬೇಡ ಅನ್ನಿಸಿ ನಾನು ದೋಣಿ ಹೊತ್ತು ದಡದಲ್ಲಿ ನಡೆದರೆ ನೀವು ಕಾಯುತ್ತೀರಾ? ಹೂಂ ಅನ್ನಲು ಯೋಚನೆ ಮಾಡಿದರೆ ಅವರ ಜೊತೆ ಹೋಗಬೇಡಿ.