ಅಮೆರಿಕದ ಪ್ರೈವೇಟ್ ಕಾಲೇಜುಗಳ ‘ದೊಡ್ಡ ಹೆಸರು’ ಎಲ್ಲಿಂದ ಬರುತ್ತದೆ?

ನೀವು ಕೇಳಿದ್ದು ಎರಡು. ಹತ್ತನೇ ಕ್ಲಾಸಿನ ಮಗಳನ್ನು ಮುಂದೆ ಒಳ್ಳೆಯ ಪ್ರೈವೇಟ್ ಯೂನಿವರ್ಸಿಟಿಗೆ ಸೇರಿಸುವ ಆಸೆ, ಯಾವುದಕ್ಕೆ ನಿಜವಾಗಿ ಹೆಸರಿದೆ ಅಂತ ತಿಳಿಯುವುದು ಹೇಗೆ? ಇನ್ನೊಂದು, ಊರಲ್ಲಿರುವ ಬಾಮೈದನಿಗೆ ಇಲ್ಲಿನ ಒಂದು ಪ್ರೈವೇಟ್ ಯೂನಿವರ್ಸಿಟಿಯಿಂದ ಹದಿನೈದೇ ದಿನದಲ್ಲಿ ಎಂಎಸ್ ಅಡ್ಮಿಷನ್ ಬಂದಿದೆ, ನಂಬಬಹುದೇ? ಮೊದಲನೆಯದಕ್ಕೆ ಉತ್ತರ ಉದ್ದ.

ಪ್ರೈವೇಟ್ ಅಂದ ತಕ್ಷಣ ಮಾಲೀಕರು, ಡೊನೇಷನ್, ಮ್ಯಾನೇಜ್‌ಮೆಂಟ್ ಸೀಟು ನೆನಪಾಗುವ ಅಭ್ಯಾಸ ಇಲ್ಲಿ ಬಿಡಬೇಕು. ಹೆಸರಿರುವ ಪ್ರೈವೇಟ್ ಯೂನಿವರ್ಸಿಟಿಗಳಿಗೆ ಮಾಲೀಕರೇ ಇಲ್ಲ. ಟ್ರಸ್ಟಿಗಳ ಮಂಡಳಿ ನಡೆಸುತ್ತದೆ, ಲಾಭ ಯಾರೂ ಹಂಚಿಕೊಳ್ಳುವಂತಿಲ್ಲ. ಹಾರ್ವರ್ಡ್ 1636ರದ್ದು, ಯೇಲ್ 1701ರದ್ದು, ಎರಡೂ ದೇಶಕ್ಕಿಂತ ಹಳೆಯವು. ಲಾಭಕ್ಕೆಂದೇ ನಡೆಸುವ ಕಾಲೇಜುಗಳೂ ಇವೆ, ಅವುಗಳ ಜಾತಿಯೇ ಬೇರೆ. ಕೊರಿಂಥಿಯನ್ 2015ರಲ್ಲಿ, ಐಟಿಟಿ ಟೆಕ್ 2016ರಲ್ಲಿ ಬಾಗಿಲು ಹಾಕಿ ಸಾವಿರಾರು ವಿದ್ಯಾರ್ಥಿಗಳನ್ನು ನಡುನೀರಿನಲ್ಲಿ ಬಿಟ್ಟವು. ಯಾವುದೇ ಕಾಲೇಜಿನ ವಿವರದಲ್ಲಿ ‘ಫಾರ್ ಪ್ರಾಫಿಟ್’ ಅಂತ ಕಂಡರೆ ಮುಂದೆ ಓದುವ ಅಗತ್ಯವಿಲ್ಲ.

‘ಐವಿ ಲೀಗ್’ ಅನ್ನುವುದು 1954ರಲ್ಲಿ ಎಂಟು ಕಾಲೇಜುಗಳು ಸೇರಿ ಮಾಡಿಕೊಂಡ ಕ್ರೀಡಾ ಒಕ್ಕೂಟದ ಹೆಸರು, ಅಷ್ಟೇ. ಸ್ಟ್ಯಾನ್‌ಫರ್ಡ್, ಎಂಐಟಿ ಅದರಲ್ಲಿಲ್ಲ. ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾ ಐವಿ, ಪ್ರೈವೇಟ್; ಪೆನ್ ಸ್ಟೇಟ್ ಅದಲ್ಲ, ಅದು ಪಬ್ಲಿಕ್. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿ ಪ್ರೈವೇಟ್, ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಪಬ್ಲಿಕ್. ಅರ್ಜಿ ಹಾಕುವಾಗ ಇವು ಅದಲುಬದಲಾಗುವುದು ಅಪರೂಪವೇನಲ್ಲ.

ಇನ್ನು ಹೆಸರಿನ ಬೇರು. ನನ್ನ ಲೆಕ್ಕದಲ್ಲಿ ಅದು ಹಣ, ಆದರೆ ನೀವು ಕಟ್ಟುವ ಫೀಸಲ್ಲ. ಹಳೆಯ ವಿದ್ಯಾರ್ಥಿಗಳು ತಲೆಮಾರುಗಳಿಂದ ಕೊಟ್ಟದ್ದು ಬೆಳೆದು ನಿಂತ ಮೂಲನಿಧಿ, ಇಲ್ಲಿನವರ ಬಾಯಲ್ಲಿ ಎಂಡೋಮೆಂಟ್. ಹಾರ್ವರ್ಡಿನದು 5,000 ಕೋಟಿ ಡಾಲರಿಗೂ ಹೆಚ್ಚು. ಆದರೆ ಒಟ್ಟು ಮೊತ್ತ ನೋಡಿ ಬೆರಗಾಗುವ ಬದಲು ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿ. ಪ್ರಿನ್ಸ್‌ಟನ್‌ನಲ್ಲಿ ಸುಮಾರು 3,400 ಕೋಟಿ ಡಾಲರ್, ವಿದ್ಯಾರ್ಥಿಗಳು 9,000ದ ಆಸುಪಾಸು. ತಲೆಗೆ 37 ಲಕ್ಷ ಡಾಲರ್ ದಾಟುತ್ತದೆ. ನಿಧಿಯಿಂದ ವರ್ಷಕ್ಕೆ ಶೇ. 5ರಷ್ಟು ತೆಗೆಯುವುದು ರೂಢಿ. ಅಂದರೆ ಒಬ್ಬ ವಿದ್ಯಾರ್ಥಿಯ ಹೆಸರಿನಲ್ಲಿ ವರ್ಷಕ್ಕೆ 1.8 ಲಕ್ಷ ಡಾಲರಿಗಿಂತ ಮೇಲೆ, ಫೀಸಿನ ಕಾಸಿಲ್ಲದೆಯೇ. ನ್ಯೂಯಾರ್ಕ್ ಯೂನಿವರ್ಸಿಟಿಗೂ ಹೆಸರೇನು ಕಡಿಮೆಯಿಲ್ಲ, ಆದರೆ ಅಲ್ಲಿ ತಲೆಗೆ ಬರುವುದು ಸುಮಾರು 1 ಲಕ್ಷ, ಶೇ. 5 ಅಂದರೆ 5,000 ಡಾಲರ್. ಮೊದಲನೆಯದು ಫೀಸು ಬಿಟ್ಟರೂ ಬದುಕುತ್ತದೆ, ಎರಡನೆಯದು ಫೀಸಿನ ಮೇಲೇ ನಿಂತಿದೆ. ಚಿಕ್ಕ ಕ್ಲಾಸು, ಲ್ಯಾಬು, ಪ್ರೊಫೆಸರ್ ಸಂಬಳ, ಸ್ಕಾಲರ್‌ಶಿಪ್ ಎಲ್ಲ ಈ ಲೆಕ್ಕದಿಂದಲೇ ಹೊರಡುತ್ತವೆ.

ಜನ ನೋಡುವುದು ಇದನ್ನಲ್ಲ, ಅಡ್ಮಿಷನ್ ಶೇಕಡಾವಾರನ್ನು. ‘ನೂರಕ್ಕೆ ನಾಲ್ಕೇ ಜನಕ್ಕೆ ಸೀಟಂತೆ’ ಅಂದರೆ ಸಾಕು, ಕಣ್ಣು ಅರಳುತ್ತದೆ. ಆ ಅಂಕಿಯನ್ನು ಬಗ್ಗಿಸುವುದು ಎಷ್ಟು ಸುಲಭ ಅಂತ ಒಂದು ಲೆಕ್ಕ ಮಾಡಿ ನೋಡಿ. ಒಂದು ಕಾಲೇಜಿಗೆ 1,500 ಸೀಟು, 20,000 ಅರ್ಜಿ ಅಂತಿಟ್ಟುಕೊಳ್ಳಿ. ಕರೆದವರಲ್ಲಿ ನೂರಕ್ಕೆ 30 ಜನ ಬಂದು ಸೇರುತ್ತಾರೆ ಅಂದರೆ 5,000 ಜನರನ್ನು ಕರೆಯಬೇಕು: ಶೇ. 25. ಈಗ ಅರ್ಧ ಸೀಟನ್ನು ‘ಅರ್ಲಿ ಡಿಸಿಷನ್’ಗೆ ಎತ್ತಿಡಿ. ಸೀಟು ಕೊಟ್ಟರೆ ಸೇರಿಯೇ ತೀರುತ್ತೇನೆ ಅಂತ ಮೊದಲೇ ಸಹಿ ಹಾಕಿ ಕೊಡುವ ಅರ್ಜಿ ಅದು, ಹಾಗಾಗಿ 750 ಸೀಟಿಗೆ 790 ಜನರನ್ನು ಕರೆದರೆ ಸಾಕು. ಉಳಿದ 750ಕ್ಕೆ 2,500. ಒಟ್ಟು 3,290, ಶೇಕಡಾ 16ರ ಚಿಲ್ಲರೆ. ಮೇಲೆ ಹೈಸ್ಕೂಲು ಮಕ್ಕಳಿಗೆ ಮೇಲ್ ಸುರಿದು, ಅರ್ಜಿ ಶುಲ್ಕ ಮನ್ನಾ ಮಾಡಿ 30,000 ಅರ್ಜಿ ಬರುವಂತೆ ಮಾಡಿದರೆ ಶೇ. 11ಕ್ಕೆ ಇಳಿಯಿತು. ಪಾಠ, ಮೇಷ್ಟ್ರು, ಲ್ಯಾಬು ಒಂದೂ ಬದಲಾಗಿಲ್ಲ. ನಿಮ್ಮ ಮಗಳಿಗೆ ಬರುವ ಬಣ್ಣಬಣ್ಣದ ಕಾಗದಗಳಲ್ಲಿ ಹೆಚ್ಚಿನವು ಈ ಛೇದವನ್ನು ದೊಡ್ಡದು ಮಾಡಲು ಬರುವಂಥವು. ಅವಳನ್ನೇ ಆರಿಸಿ ಕರೆದಿದ್ದಾರೆ ಅಂದುಕೊಳ್ಳಬೇಡಿ.

ರ್‍ಯಾಂಕಿಂಗೂ ಅಷ್ಟೇ. ಯುಎಸ್ ನ್ಯೂಸ್ ಪತ್ರಿಕೆ 1983ರಿಂದ ಪಟ್ಟಿ ಮಾಡುತ್ತಿದೆ, ಅಂಕಿಅಂಶಗಳಲ್ಲಿ ಬಹುಪಾಲನ್ನು ಕಾಲೇಜುಗಳೇ ಕೊಡುತ್ತ ಬಂದಿವೆ. 2022ರಲ್ಲಿ ಕೊಲಂಬಿಯಾ ಯೂನಿವರ್ಸಿಟಿಯ ಅಂಕಿಗಳು ಸರಿಯಿಲ್ಲ ಅಂತ ಅಲ್ಲಿನ ಗಣಿತದ ಪ್ರೊಫೆಸರ್ ಮೈಕೆಲ್ ಥಾಡಿಯಸ್ ಅವರೇ ಎಳೆಎಳೆಯಾಗಿ ಬಿಡಿಸಿ ತೋರಿಸಿದರು. ಆ ಸೆಪ್ಟೆಂಬರಿನಲ್ಲಿ 2ನೇ ಸ್ಥಾನದಿಂದ 18ಕ್ಕೆ ಬಿತ್ತು. ಒಂದು ವರ್ಷದಲ್ಲಿ ಓದಿನ ಗುಣಮಟ್ಟ ಹದಿನಾರು ಮೆಟ್ಟಿಲು ಇಳಿಯುವುದಿಲ್ಲವಲ್ಲ.

ಹಾಗಾದರೆ ಏನು ನೋಡಬೇಕು? ‘ಕಾಮನ್ ಡೇಟಾ ಸೆಟ್’ ಅಂತ ಕಾಲೇಜಿನ ಹೆಸರಿನ ಜೊತೆ ಹುಡುಕಿ. ಹೆಚ್ಚಿನ ಕಾಲೇಜುಗಳು ತಮ್ಮ ಅಂಕಿಅಂಶಗಳನ್ನು ವರ್ಷವರ್ಷ ಈ ಒಂದೇ ನಮೂನೆಯಲ್ಲಿ ಹಾಕುತ್ತವೆ, ಹತ್ತಿಪ್ಪತ್ತು ಪುಟ ತಿರುವಿದರೆ ಬೇಕಾದ್ದು ಸಿಗುತ್ತದೆ. ಅದರ ಬಿ-22 ಅನ್ನುವ ಅಂಶದಲ್ಲಿ ಮೊದಲ ವರ್ಷ ಮುಗಿಸಿ ಎರಡನೇ ವರ್ಷಕ್ಕೆ ಮರಳಿದವರ ಪ್ರಮಾಣ ಇರುತ್ತದೆ. ಗಟ್ಟಿ ಕಾಲೇಜುಗಳಲ್ಲಿ ಅದು 95ರ ಮೇಲೆ. 80ಕ್ಕಿಂತ ಕೆಳಗಿದ್ದರೆ ಮಕ್ಕಳು ಯಾಕೆ ಓಡಿಹೋಗುತ್ತಿದ್ದಾರೆ ಅಂತ ಕೇಳಿ. ಸಿ-7ರಲ್ಲಿ ಅಡ್ಮಿಷನ್‌ಗೆ ಯಾವುದಕ್ಕೆ ಎಷ್ಟು ತೂಕ ಅಂತ ಟಿಕ್ ಹಾಕಿರುತ್ತಾರೆ, ಸಿ-21ರಲ್ಲಿ ಅರ್ಲಿ ಡಿಸಿಷನ್ ಅಂಕಿ.

ಐ-3 ಕ್ಲಾಸಿನ ಗಾತ್ರದ ಕೋಷ್ಟಕ. ಇದನ್ನು ಹುಷಾರಾಗಿ ಓದಿ. ಹತ್ತು ಜನರ ಒಂಬತ್ತು ಕ್ಲಾಸು, ಮುನ್ನೂರು ಜನರ ಒಂದು ಕ್ಲಾಸು ಇದ್ದರೆ ‘ನಮ್ಮಲ್ಲಿ ಶೇ. 90 ಕ್ಲಾಸುಗಳು ಇಪ್ಪತ್ತಕ್ಕಿಂತ ಚಿಕ್ಕವು’ ಅಂತ ಹೇಳಿಕೊಳ್ಳಬಹುದು. ಆದರೆ 390 ಕುರ್ಚಿಗಳಲ್ಲಿ 300 ಆ ದೊಡ್ಡ ಹಾಲ್‌ನಲ್ಲಿವೆ, ನಿಮ್ಮ ಮಗಳು ಕೂರುವುದೂ ಬಹುಶಃ ಅಲ್ಲೇ. ‘10–19’ ಕಾಲಂ ಉಬ್ಬಿ ‘20–29’ ಬಡಕಲಾಗಿದ್ದರೆ ಹತ್ತೊಂಬತ್ತಕ್ಕೆ ಬಾಗಿಲು ಹಾಕಿದ್ದಾರೆ ಅಂತ ಅರ್ಥ. ರ್‍ಯಾಂಕಿಂಗಿನಲ್ಲಿ ಇಪ್ಪತ್ತರ ಒಳಗಿನ ಕ್ಲಾಸಿಗೆ ಅಂಕ ಕೊಡುತ್ತಿದ್ದ ಕಾಲದ ಚಾಳಿ. ‘100+’ ಕಾಲಂ ಎಷ್ಟಿದೆ ಅಂತ ನೋಡಿ, ಅದು ಮಾತಾಡುತ್ತದೆ.

ಇಂಜಿನಿಯರಿಂಗ್ ಅಂದರೆ ಪ್ರೈವೇಟ್ ಅನ್ನುವ ಹಟ ಬಿಡಿ. ಬರ್ಕ್ಲಿ, ಇಲಿನಾಯ್, ಜಾರ್ಜಿಯಾ ಟೆಕ್, ಮಿಶಿಗನ್ ಎಲ್ಲ ಪಬ್ಲಿಕ್, ಕಂಪನಿಗಳ ಕಣ್ಣಿನಲ್ಲಿ ಎಷ್ಟೋ ದುಬಾರಿ ಪ್ರೈವೇಟ್‌ಗಳಿಗಿಂತ ಮೇಲೆ. ಸಿವಿಲ್‌ಗೆ ಹೋಗುವುದಾದರೆ ಇಂಜಿನಿಯರಿಂಗ್ ಕೋರ್ಸುಗಳನ್ನು ಪರಿಶೀಲಿಸುವ ಎಬಿಇಟಿ ಸಂಸ್ಥೆಯ ಮಾನ್ಯತೆ ಇರಲೇಬೇಕು, ಇಲ್ಲದಿದ್ದರೆ ಮುಂದೆ ಪಿಇ (ವೃತ್ತಿಪರ ಇಂಜಿನಿಯರ್) ಲೈಸೆನ್ಸಿಗೆ ಬಹಳ ರಾಜ್ಯಗಳಲ್ಲಿ ತೊಡಕು. ಕಂಪ್ಯೂಟರ್ ಸೈನ್ಸ್‌ಗೆ ಅದಿಲ್ಲದ ದೊಡ್ಡ ಹೆಸರುಗಳೂ ಇವೆ, ತಲೆ ಕೆಡಿಸಿಕೊಳ್ಳಬೇಡಿ. ನಮ್ಮವರು ಕೇಳಿಯೇ ಇರದ ಇನ್ನೊಂದು ಬಗೆಯೂ ಇದೆ: ವಿಲಿಯಮ್ಸ್, ಆಮ್‌ಹರ್ಸ್ಟ್, ಸ್ವಾರ್ತ್‌ಮೋರ್, ಪೊಮೋನಾ. ಎರಡು ಸಾವಿರದ ಆಸುಪಾಸು ಮಕ್ಕಳು, ಪಿಎಚ್‌ಡಿ ವಿದ್ಯಾರ್ಥಿಗಳೇ ಇಲ್ಲ, ಹಾಗಾಗಿ ಪ್ರೊಫೆಸರ್ ಲ್ಯಾಬಿನಲ್ಲಿ ಕೈಯಾಡಿಸುವವರು ಡಿಗ್ರಿ ಮಕ್ಕಳೇ. ನೆಂಟರಿಗೆ ಹೆಸರು ಹೇಳಿದರೆ ಗೊತ್ತಾಗುವುದಿಲ್ಲ, ಪಿಎಚ್‌ಡಿ ಅಡ್ಮಿಷನ್ ಕಮಿಟಿಗೆ ಚೆನ್ನಾಗಿಯೇ ಗೊತ್ತು.

ಹಣದ ವಿಷಯದಲ್ಲಿ ನಿಮಗೆ ತಗಲುವ ತೊಡಕು ವೀಸಾದ್ದು. ಮಗಳು ಎಚ್-4ನಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಮನೆಯವರಿಗೆ ಕೊಡುವ ವೀಸಾದಲ್ಲಿ, ಇರುವ ತನಕ ಕೇಂದ್ರ ಸರ್ಕಾರದ ನೆರವು, ಅಂದರೆ ಎಫ್‌ಎಎಫ್‌ಎಸ್‌ಎ ಅರ್ಜಿಯ ಹಣ, ಸಿಗುವುದಿಲ್ಲ. ನೆರವಿನ ಲೆಕ್ಕದಲ್ಲಿ ಹೆಚ್ಚಿನ ಪ್ರೈವೇಟ್‌ಗಳು ಅವಳನ್ನು ವಿದೇಶಿ ವಿದ್ಯಾರ್ಥಿ ಅಂತಲೇ ನೋಡುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಥರದ ಕೆಲವೇ ಕಡೆ ವಿದೇಶಿಯರಿಗೂ ‘ನೀಡ್ ಬ್ಲೈಂಡ್’: ನೆರವು ಕೇಳಿದ್ದಕ್ಕೆ ಸೀಟು ತಪ್ಪುವುದಿಲ್ಲ, ಸೀಟು ಸಿಕ್ಕರೆ ಅವರ ಲೆಕ್ಕದ ಪ್ರಕಾರ ಕೊರತೆಯಾದಷ್ಟೂ ಕೊಡುತ್ತಾರೆ. ಉಳಿದ ಬಹುತೇಕ ಕಡೆ ನೆರವು ಬೇಕು ಅಂತ ಗುರುತು ಹಾಕಿದರೆ ಸೀಟಿನ ಸಾಧ್ಯತೆ ತಗ್ಗುತ್ತದೆ. ಯಾವ ಕಾಲೇಜು ಎಷ್ಟು ವಿದೇಶಿ ಮಕ್ಕಳಿಗೆ ಸರಾಸರಿ ಎಷ್ಟು ಕೊಟ್ಟಿದೆ ಅನ್ನುವುದು ಅದೇ ಡೇಟಾ ಸೆಟ್ಟಿನ ಎಚ್-6ರಲ್ಲಿದೆ. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ 2011ರಿಂದ ಕಾನೂನಿನಂತೆ ‘ನೆಟ್ ಪ್ರೈಸ್ ಕ್ಯಾಲ್ಕುಲೇಟರ್’ ಇರಬೇಕು, ಆದರೆ ಅದು ಸಾಮಾನ್ಯವಾಗಿ ಇಲ್ಲಿನ ಪ್ರಜೆಗಳ ಲೆಕ್ಕಕ್ಕೆ ಮಾಡಿದ್ದು. ಅದರ ಉತ್ತರ ನಂಬಿ ಅರ್ಲಿ ಡಿಸಿಷನ್‌ಗೆ ಸಹಿ ಹಾಕಬೇಡಿ. ಬೇರೆ ಕಾಲೇಜಿನ ನೆರವಿನ ಜೊತೆ ಹೋಲಿಸಿ ನೋಡುವ ಅವಕಾಶ ಆಮೇಲೆ ಇರುವುದಿಲ್ಲ. 21 ತುಂಬಿದರೆ ಎಚ್-4 ಮುಗಿಯುತ್ತದೆ, ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಿಸುವ ಅರ್ಜಿಯನ್ನು ತಿಂಗಳುಗಟ್ಟಲೆ ಮೊದಲೇ ಹಾಕಿಕೊಳ್ಳಿ.

ಈಗ ಬಾಮೈದನ ಎಂಎಸ್. ವಿದ್ಯಾರ್ಥಿ ವೀಸಾಗೆ ಬೇಕಾದ ಯೂನಿವರ್ಸಿಟಿಯ ಪತ್ರ, ಐ-20, ಬಂದಿದೆ ಅಂದರೆ ವಿದೇಶಿಯರನ್ನು ಸೇರಿಸಿಕೊಳ್ಳಲು ಸರ್ಕಾರದ ಅನುಮತಿ ಇದೆ ಅಂತ ಮಾತ್ರ, ಗುಣಮಟ್ಟಕ್ಕೆ ಅದು ಸಾಕ್ಷಿಯಲ್ಲ. ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಯೂನಿವರ್ಸಿಟಿಯೂ ಐ-20 ಕೊಡುತ್ತಿತ್ತು. 2011ರ ಜನವರಿಯಲ್ಲಿ ದಾಳಿಯಾದಾಗ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳ ವಿಳಾಸ ಸನಿವೇಲ್‌ನ ಒಂದೇ ಅಪಾರ್ಟ್‌ಮೆಂಟ್! ಕೆಲವು ಭಾರತೀಯ ವಿದ್ಯಾರ್ಥಿಗಳ ಕಾಲಿಗೆ ರೇಡಿಯೋ ಪಟ್ಟಿ ಕಟ್ಟಿದರು. ಮಿಶಿಗನ್‌ನ ಯೂನಿವರ್ಸಿಟಿ ಆಫ್ ಫಾರ್ಮಿಂಗ್ಟನ್ ಅಂತೂ ವಲಸೆ ಇಲಾಖೆಯೇ ಬಲೆಯಾಗಿ ಹೂಡಿದ್ದು, 2019ರಲ್ಲಿ ಬಯಲಾಯಿತು. ಬೋರ್ಡು, ವೆಬ್‌ಸೈಟು ಇದ್ದವು, ಮಾನ್ಯತೆಯ ಪಟ್ಟಿಯಲ್ಲೂ ಹೆಸರಿತ್ತು, ಪಾಠ ಮಾಡುವವರೇ ಇರಲಿಲ್ಲ. ಹಾಗಾಗಿ ಶಿಕ್ಷಣ ಇಲಾಖೆಯ ಮಾನ್ಯತೆ ಪಟ್ಟಿಯಲ್ಲಿ ಹೆಸರು ನೋಡಿಕೊಂಡ ಮೇಲೂ ಮೂರು ವಿಚಾರಿಸಲು ಹೇಳಿ: ಬರುವ ಸೆಮಿಸ್ಟರಿನ ಟೈಮ್‌ಟೇಬಲ್ ಎಲ್ಲಿ, ವಾರಕ್ಕೆ ಎಷ್ಟು ದಿನ ಎದುರಾಎದುರು ಪಾಠ, ಆ ವಿಭಾಗದಲ್ಲಿ ಕಾಯಂ ಪ್ರೊಫೆಸರ್‌ಗಳು ಯಾರು. ‘ಮೊದಲ ದಿನದಿಂದಲೇ ಸಿಪಿಟಿ (ಓದುತ್ತಲೇ ಕೆಲಸ ಮಾಡುವ ಅನುಮತಿ), ಕ್ಲಾಸು ತಿಂಗಳಿಗೊಮ್ಮೆ’ ಅಂತ ಏಜೆಂಟ್ ಹೇಳಿದ್ದರೆ ಆ ಮೂರನ್ನು ಕೇಳುವ ಕಷ್ಟವೂ ಬೇಡ, ಡಿಪಾಸಿಟ್ ಕಟ್ಟಬೇಡ ಅನ್ನಿ.