ಬ್ಯಾಂಕಿನಲ್ಲಿ ದುಡ್ಡಿದೆ, ಬಾಡಿಗೆಗೆ ಮಾತ್ರ ಇಲ್ಲ!

ಪ್ರಶ್ನೆ: ನಾವಿರುವುದು ಅಮೆರಿಕದ ಒಂದು ಸಣ್ಣ ಊರಿನಲ್ಲಿ. ಮಗಳು ಇಲ್ಲಿನ ಜಪಾನಿ ಸಾಂಸ್ಕೃತಿಕ ಕೇಂದ್ರದಲ್ಲಿ ಟೈಕೊ ಡೋಲು ಕಲಿಯುತ್ತಾಳೆ. ಅದು ಲಾಭಕ್ಕಾಗಿ ನಡೆಯುವ ಸಂಸ್ಥೆ ಅಲ್ಲ. ನನ್ನನ್ನು ಖಜಾಂಚಿ ಆಗಿ ಎನ್ನುತ್ತಿದ್ದಾರೆ. ಖಾತೆಯಲ್ಲಿ 60,000 ಡಾಲರ್ ಇದೆ. ಆದರೂ ಮುಂದಿನ ತಿಂಗಳ ಬಾಡಿಗೆಗೆ ಪರದಾಟ. ಇದರಲ್ಲಿ ಏನಾದರೂ ಮೋಸ ಇದೆಯಾ?

ಉತ್ತರ: ಮೋಸ ಅಂತ ಈಗಲೇ ಅಂದುಕೊಳ್ಳಬೇಡಿ. ಆ 60,000ದಲ್ಲಿ ಷರತ್ತಿಲ್ಲದ ಹಣ ಎಷ್ಟು ಎಂದು ಮೊದಲು ಕೇಳಿ. ಚಹಾ ಕೋಣೆಯ ತತಾಮಿ ಚಾಪೆಗೆಂದು ಒಬ್ಬರು ಕೊಟ್ಟಿರಬಹುದು. ಭಾಷಾ ತರಗತಿಗೆಂದು ಅನುದಾನ ಬಂದಿರಬಹುದು. ಅದನ್ನು ಬಾಡಿಗೆಗೆ ಮುಟ್ಟುವಂತಿಲ್ಲ. ನಮ್ಮಲ್ಲಿ ತೇರಿಗೆಂದು ಕೊಟ್ಟ ಕಾಣಿಕೆಯಲ್ಲಿ ದೇವಸ್ಥಾನದ ಕರೆಂಟ್ ಬಿಲ್ ಕಟ್ಟಿದರೆ ಭಕ್ತರು ಸುಮ್ನೆ ಬಿಡುತ್ತಾರಾ? ಇದೂ ಹಾಗೇ. ಅಮೆರಿಕದಲ್ಲಿ ಇದಕ್ಕೆ ಕಾನೂನಿನ ಬಲವೂ ಇದೆ. ಷರತ್ತಿನ ಹಣ ತೆಗೆದರೆ ಕೈಯಲ್ಲಿ 8,000 ಮಾತ್ರ ಉಳಿದರೂ ಆಶ್ಚರ್ಯವಿಲ್ಲ.

ಇನ್ನೊಂದು ವಿಷಯ. ಇಂಥ ಕೇಂದ್ರಗಳಿಗೆ ಹಣ ಸಮನಾಗಿ ಬರುವುದಿಲ್ಲ. ಬೇಸಿಗೆಯ ಒಬೊನ್ ಹಬ್ಬ, ಹೊಸ ವರ್ಷದ ಮೋಚಿ ಎಂಬ ಅಕ್ಕಿ ಉಂಡೆಯ ಮಾರಾಟ, ಆಗ ಒಟ್ಟಿಗೆ ಬರುತ್ತದೆ. ಬಾಡಿಗೆ, ವಿಮೆ ಮಾತ್ರ ವರ್ಷವಿಡೀ. ಹಾಗಾಗಿ ಇಡೀ ವರ್ಷದ ಲೆಕ್ಕಕ್ಕಿಂತ ತಿಂಗಳು ತಿಂಗಳ ಲೆಕ್ಕ ಬರೆಯಿರಿ. ಕನಿಷ್ಠ ಮೂರು ತಿಂಗಳ ಖರ್ಚಿನಷ್ಟು ಷರತ್ತಿಲ್ಲದ ಹಣ ಪಕ್ಕಕ್ಕಿರಲಿ ಎನ್ನುವುದು ನನ್ನ ಸಲಹೆ.

ಅನುದಾನ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಹುಷಾರು. 1972ರಲ್ಲಿ ಶುರುವಾದ ಜಪಾನ್ ಫೌಂಡೇಶನ್ ಭಾಷೆಗೆ, ಕಲೆಗೆ ನೆರವು ಕೊಡುತ್ತದೆ ನಿಜ. ಆದರೆ ಇಂಥ ನೆರವು ಜಾಸ್ತಿ ಸಿಗುವುದು ನಿರ್ದಿಷ್ಟ ಕಾರ್ಯಕ್ರಮಕ್ಕೆ, ದಿನದ ಖರ್ಚಿಗಲ್ಲ. ಸ್ವಂತ ಕಟ್ಟಡದ ಆಸೆಗೂ ಅವಸರ ಬೇಡ. ಹವಾಯಿಯ ಹೊನೊಲುಲುವಿನ ದೊಡ್ಡ ಜಪಾನಿ ಕೇಂದ್ರವೇ 2002ರಲ್ಲಿ ಸಾಲದ ಭಾರಕ್ಕೆ ಕೈತಪ್ಪುವ ಸ್ಥಿತಿಗೆ ಬಂದಿತ್ತು. ಜನ ದೇಣಿಗೆ ಕೂಡಿಸಿ ಉಳಿಸಿಕೊಂಡರು.

ಒಪ್ಪಿಕೊಳ್ಳುವ ಮೊದಲು ಫಾರಂ 990 ನೋಡಿ, ಅಂದರೆ ಇಂಥ ಸಂಸ್ಥೆಗಳು ವರ್ಷವರ್ಷವೂ ತೆರಿಗೆ ಇಲಾಖೆಗೆ ಕೊಡುವ ಲೆಕ್ಕದ ವರದಿ. ವರ್ಷದ ಒಟ್ಟು ಆದಾಯ ಸಾಮಾನ್ಯವಾಗಿ 50,000 ಡಾಲರ್ ದಾಟದಿದ್ದರೆ 990-ಎನ್ ಎಂಬ ಚಿಕ್ಕ ಆನ್‌ಲೈನ್ ವರದಿ ಸಾಕು. ಅದನ್ನೂ ಸತತ 3 ವರ್ಷ ಮರೆತರೆ ತೆರಿಗೆ ವಿನಾಯಿತಿ ತಾನಾಗಿ ರದ್ದಾಗುತ್ತದೆ. ಸ್ವಯಂಸೇವಕರೇ ನಡೆಸುವ ಕಡೆ ಇದು ಆಗುವುದುಂಟು. 250 ಡಾಲರ್ ಅಥವಾ ಹೆಚ್ಚು ಕೊಟ್ಟವರಿಗೆ ರಸೀದಿ ಪತ್ರ ಹೋಗಿದೆಯಾ ಅಂತಲೂ ಕೇಳಿ. ಅದಿಲ್ಲದೆ ಅವರಿಗೆ ತೆರಿಗೆ ರಿಯಾಯಿತಿ ಸಿಗದು, ಮುಂದಿನ ವರ್ಷ ಅವರು ಕೊಡದೆಯೂ ಇರಬಹುದು.